ತುವಾಲು ಮುಳುಗುತ್ತಿದೆಯೋ, ಬೆಳೆಯುತ್ತಿದೆಯೋ? ತಗ್ಗು ದ್ವೀಪಗಳ ಕುರಿತು ಒಂದು ಸಂದೇಹ

ಮರಳಗೆರೆ
ಸದಸ್ಯರಿಗೆಲ್ಲ ನಮಸ್ಕಾರ. ಕೆಲವು ವಾರಗಳಿಂದ ಪೆಸಿಫಿಕ್ ಸಾಗರದ ಹವಳದ್ವೀಪಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ; ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ತುವಾಲು, ಕಿರಿಬಾಸ್, ಮಾರ್ಷಲ್ ದ್ವೀಪಗಳು ಈ ಶತಮಾನದೊಳಗೆ ಸಮುದ್ರದ ಪಾಲಾಗುತ್ತವೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆದರೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತುವಾಲುವಿನ 101 ದ್ವೀಪಗಳನ್ನು 1971ರಿಂದ 2014ರವರೆಗಿನ ವೈಮಾನಿಕ ಮತ್ತು ಉಪಗ್ರಹ ಚಿತ್ರಗಳಲ್ಲಿ ಅಳೆದು, ಅಲ್ಲಿನ ಒಟ್ಟು ನೆಲ ಕಡಿಮೆಯಾಗಿಲ್ಲ, ಶೇ 2.9ರಷ್ಟು, ಅಂದರೆ 73.5 ಹೆಕ್ಟೇರ್ ಹೆಚ್ಚಾಗಿದೆ ಎಂದು ತೋರಿಸಿದೆ. ಇದೇ ಅವಧಿಯಲ್ಲಿ ಅಲ್ಲಿಯ ಸಮುದ್ರಮಟ್ಟ ಜಗತ್ತಿನ ಸರಾಸರಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಏರಿದೆ ಎಂಬುದೂ ಅದೇ ಬರಹದಲ್ಲಿದೆ.

ಈ ಎರಡೂ ನಿಜವಾಗಿರಲು ಹೇಗೆ ಸಾಧ್ಯ? ನೆಲ ಬೆಳೆಯುತ್ತಿದ್ದರೆ ಕೋಟ್ಯಂತರ ಡಾಲರ್ ಸುರಿದು ತಡೆಗೋಡೆ ಕಟ್ಟುವುದೇಕೆ, ಜನರನ್ನು ಬೇರೆ ದೇಶಕ್ಕೆ ಕಳುಹಿಸುವ ಒಪ್ಪಂದಗಳೇಕೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಪ್ರಶ್ನಾರ್ಥಕ
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಮುಳುಗುವ ಕಥೆಗೆ ಹಣ ಬರುತ್ತದೆ, ಬೆಳೆಯುವ ಕಥೆಗೆ ಬರುವುದಿಲ್ಲ.

ತೆರೆಎಣಿಕೆ
ಪ್ರಶ್ನಾರ್ಥಕರೇ, ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ. ಮರಳಗೆರೆಯವರು ಉಲ್ಲೇಖಿಸಿದ ಅಧ್ಯಯನ ಗಟ್ಟಿಯಾದದ್ದೇ. ಅದರ ಹಿಂದೆ 2010ರಲ್ಲಿ 27 ದ್ವೀಪಗಳನ್ನು ಅಳೆದಾಗಲೂ ಶೇ 14ರಷ್ಟು ದ್ವೀಪಗಳು ಮಾತ್ರ ಕುಗ್ಗಿದ್ದವು, ಉಳಿದವು ಇದ್ದಷ್ಟೇ ಇದ್ದವು ಅಥವಾ ಹಿಗ್ಗಿದ್ದವು. ಆದರೆ ಅವರು ಅಳೆದದ್ದು ಏನನ್ನು ಎಂಬುದನ್ನು ಗಮನಿಸಬೇಕು. ಮೇಲಿನಿಂದ ತೆಗೆದ ಚಿತ್ರದಲ್ಲಿ ಗಿಡಮರಗಳ ಹಸಿರು ಎಲ್ಲಿ ಮುಗಿಯುತ್ತದೆಯೋ ಅದೇ ದ್ವೀಪದ ಅಂಚು. ಆ ಅಂಚು ಹೊರಕ್ಕೆ ಸರಿದರೆ ದ್ವೀಪ ಬೆಳೆಯಿತು ಎಂದು ಲೆಕ್ಕ. ನೆಲ ಎಷ್ಟು ಎತ್ತರವಿದೆ, ಬಾವಿಯ ನೀರು ಕುಡಿಯಲು ಬರುತ್ತದೆಯೇ, ಕೆಸುವಿನ ಗುಂಡಿಗೆ ಉಪ್ಪು ಹೊಕ್ಕಿದೆಯೇ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ವಿಸ್ತೀರ್ಣ ಬೇರೆ, ವಾಸಯೋಗ್ಯತೆ ಬೇರೆ.

ಇನ್ನು, ಎಲ್ಲ ದ್ವೀಪಗಳೂ ಬೆಳೆಯುತ್ತಿವೆ ಎಂಬುದೂ ಸುಳ್ಳು. ಸಾಲೊಮನ್ ದ್ವೀಪಗಳಲ್ಲಿ 1947ರಿಂದ 2014ರವರೆಗಿನ ಚಿತ್ರಗಳನ್ನು ಹೋಲಿಸಿದವರು, ಗಿಡಮರಗಳಿದ್ದ ಐದು ದಿಬ್ಬದ್ವೀಪಗಳು (ನೀರಿನಡಿ ಹವಳ ಕಟ್ಟಿದ ದಿಬ್ಬದ ಮೇಲಿನ ಪುಟ್ಟ ದ್ವೀಪಗಳು) ಪೂರ್ತಿಯಾಗಿ ಇಲ್ಲವಾದದ್ದನ್ನು 2016ರಲ್ಲಿ ವರದಿ ಮಾಡಿದರು. ಅಲ್ಲಿ 1994ರಿಂದೀಚೆಗೆ ಸಮುದ್ರ ವರ್ಷಕ್ಕೆ 7ರಿಂದ 10 ಮಿಲಿಮೀಟರ್ ಏರಿದೆ; ಜೊತೆಗೆ ಅಲೆಯ ಹೊಡೆತವೂ ಜೋರಾಗಿರುವ ಜಾಗ ಅದು. ಅಲೆ ಶಾಂತವಾಗಿದ್ದ ಕಡೆ ಇಷ್ಟು ಹಾನಿ ಆಗಿರಲಿಲ್ಲ.

ಮರಳಗೆರೆ
ಹಾಗಾದರೆ ಬೆಳೆದ ದ್ವೀಪಕ್ಕೆ ಮಣ್ಣು ಎಲ್ಲಿಂದ ಬರುತ್ತದೆ? ಸುತ್ತಲೂ ಸಾಗರ, ನದಿಯೂ ಇಲ್ಲ, ಬೆಟ್ಟವೂ ಇಲ್ಲ.

ಗಿಳಿಮೀನು
ಈ ಪ್ರಶ್ನೆಗಾಗಿಯೇ ನಾನು ಈ ಹೆಸರಿಟ್ಟುಕೊಂಡಿದ್ದೇನೆ! ಅಲ್ಲಿ ಇರುವುದು ಮಣ್ಣಲ್ಲ, ಜೀವಿಗಳ ಚಿಪ್ಪು ಮತ್ತು ಮೂಳೆ. ಗಿಳಿಮೀನು ತನ್ನ ಕೊಕ್ಕಿನಂತಹ ಹಲ್ಲುಗಳಿಂದ ಹವಳವನ್ನು ಕೆರೆದು, ಪಾಚಿಯನ್ನು ಅರಗಿಸಿಕೊಂಡು, ಸುಣ್ಣದ ಪುಡಿಯನ್ನು ಮರಳಾಗಿ ಹೊರಹಾಕುತ್ತದೆ. ಮಾಲ್ಡೀವ್ಸ್‌ನ ವಕ್ಕಾರು ಎಂಬ ದ್ವೀಪದ ಸುತ್ತ ಲೆಕ್ಕ ಹಾಕಿದಾಗ, ಹೊಸದಾಗಿ ಹುಟ್ಟುವ ಮರಳಿನ ಶೇ 85ಕ್ಕಿಂತ ಹೆಚ್ಚು ಭಾಗ ಈ ಮೀನಿನ ಹೊಟ್ಟೆಯಿಂದ ಬಂದದ್ದಾಗಿತ್ತು. ಪೆಸಿಫಿಕ್‌ನ ಅನೇಕ ಕಡೆ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳೇ ಮರಳು. ಕೈಯಲ್ಲಿ ಹಿಡಿದು ನೋಡಿದರೆ ಪುಟ್ಟ ನಕ್ಷತ್ರಗಳಂತೆ ಕಾಣುತ್ತವೆ.

ಆದ್ದರಿಂದ ಹವಳದ ದಿಬ್ಬ ಬದುಕಿದ್ದರೆ ಮಾತ್ರ ದ್ವೀಪಕ್ಕೆ ಮರಳು. ಸಮುದ್ರ ಎಷ್ಟು ಏರುತ್ತದೆ ಎಂಬುದಕ್ಕಿಂತ ಸಮುದ್ರ ಎಷ್ಟು ಬಿಸಿಯಾಗುತ್ತದೆ ಎಂಬುದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ತಾಪಮಾನ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳಲ್ಲಿ ಶೇ 70ರಿಂದ 90, 2 ಡಿಗ್ರಿ ಏರಿದರೆ ಶೇ 99ಕ್ಕೂ ಹೆಚ್ಚು ನಾಶವಾಗುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2018ರ ವಿಶೇಷ ವರದಿ ಹೇಳಿತು. ಜಾಗತಿಕ ಮಟ್ಟದ ನಾಲ್ಕನೆಯ ಬಿಳಿಚುವಿಕೆ (ನೀರು ಬಿಸಿಯಾಗಿ ಹವಳ ಬಣ್ಣ ಕಳೆದುಕೊಳ್ಳುವುದು) ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಘೋಷಣೆಯಾಯಿತು. ಇಲ್ಲಿಯವರೆಗೆ ದ್ವೀಪಗಳು ಬೆಳೆದದ್ದು ಹಳೆಯ ದಾಸ್ತಾನಿನಿಂದ. ಹೊಸ ದಾಸ್ತಾನು ನಿಂತರೆ ಕಳೆದ ನಲವತ್ತು ವರ್ಷಗಳ ಲೆಕ್ಕ ಮುಂದಿನ ನಲವತ್ತಕ್ಕೆ ಒಪ್ಪುವುದಿಲ್ಲ.

ಹಳೆನಕ್ಷೆ
ಗಿಳಿಮೀನಿನವರ ಮಾತಿಗೆ ಒಂದು ಸೇರ್ಪಡೆ. ದಾಸ್ತಾನು ದಿನದಿನವೂ ಸ್ವಲ್ಪಸ್ವಲ್ಪವೇ ಬರುವುದಿಲ್ಲ, ಕೆಲವೊಮ್ಮೆ ಒಂದೇ ರಾತ್ರಿ ಬಂದು ಬೀಳುತ್ತದೆ. 1972ರ ಅಕ್ಟೋಬರ್‌ನಲ್ಲಿ ಬೀಬಿ ಚಂಡಮಾರುತ ತುವಾಲುವಿನ ಫುನಾಫುಟಿಗೆ ಅಪ್ಪಳಿಸಿದಾಗ, ಆಳದಲ್ಲಿದ್ದ ಹವಳದ ತುಂಡುಗಳೆಲ್ಲ ಮೇಲೆ ಬಂದು ದಿಬ್ಬದ ಮೇಲೆ ಸುಮಾರು 19 ಕಿಲೋಮೀಟರ್ ಉದ್ದದ, ಕೆಲವೆಡೆ 4 ಮೀಟರ್ ಎತ್ತರದ ಒಡ್ಡಾಗಿ ನಿಂತವು. ಮುಂದಿನ ವರ್ಷಗಳಲ್ಲಿ ಅಲೆಗಳು ಆ ಒಡ್ಡನ್ನು ನಿಧಾನವಾಗಿ ತಳ್ಳುತ್ತಾ ದಡಕ್ಕೆ ಸೇರಿಸಿದವು. ಮನೆಗಳನ್ನು ಕೆಡವಿದ ಗಾಳಿಯೇ ನೆಲಕ್ಕೆ ಕಲ್ಲು ಹೊತ್ತು ತಂದಿತ್ತು.

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಿಬಿಡುತ್ತೇನೆ: ಹವಳದ್ವೀಪಗಳು ಮುಳುಗುತ್ತಿರುವ ಜ್ವಾಲಾಮುಖಿಗಳ ನೆತ್ತಿಯ ಮೇಲೆ ಬೆಳೆಯುತ್ತವೆ ಎಂಬ ಡಾರ್ವಿನ್‌ನ ಊಹೆಯನ್ನು ಪರೀಕ್ಷಿಸಲು ರಾಯಲ್ ಸೊಸೈಟಿಯವರು 1896ರಿಂದ 1898ರವರೆಗೆ ಕೊಳವೆ ಕೊರೆದದ್ದು ಇದೇ ಫುನಾಫುಟಿಯಲ್ಲಿ. ಸುಮಾರು 340 ಮೀಟರ್ ಇಳಿದರೂ ಜ್ವಾಲಾಮುಖಿಯ ಕಪ್ಪುಕಲ್ಲು ಸಿಗಲಿಲ್ಲ. ಅದು ಸಿಕ್ಕಿದ್ದು 1952ರಲ್ಲಿ, ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ, ಒಂದು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ. ಅಷ್ಟು ದಪ್ಪದ ಸುಣ್ಣಗಲ್ಲನ್ನು ಕಟ್ಟಿದ್ದು ಈ ಪುಟ್ಟ ಜೀವಿಗಳೇ.

ಪ್ರಶ್ನಾರ್ಥಕ
ನೀವೇ ಹೇಳುತ್ತಿದ್ದೀರಿ, ಒಂದು ಕಿಲೋಮೀಟರ್‌ಗಿಂತ ಹೆಚ್ಚು ಬೆಳೆದಿದೆ ಎಂದು. ಮುಂದೆಯೂ ಬೆಳೆಯುತ್ತದೆ. ಚಿಂತೆ ಏಕೆ?

ಗಿಳಿಮೀನು
ಕೋಟ್ಯಂತರ ವರ್ಷಗಳಲ್ಲಿ ಬೆಳೆದದ್ದನ್ನು ಮನುಷ್ಯನ ಒಂದು ತಲೆಮಾರಿನ ಲೆಕ್ಕಕ್ಕೆ ಹಚ್ಚಬೇಡಿ. ನಡುನಡುವೆ ಹವಳ ಸತ್ತು, ಬತ್ತಿ, ಮತ್ತೆ ಚಿಗುರಿದ ಕಾಲಗಳೂ ಅದರಲ್ಲಿವೆ. ಆಗ ಅದರ ಮೇಲೆ ಮನೆ ಕಟ್ಟಿಕೊಂಡವರು ಯಾರೂ ಇರಲಿಲ್ಲ.

ಅಂತರ್ಜಲ
ಇಷ್ಟು ಹೊತ್ತು ಎಲ್ಲರೂ ಮರಳಿನ ಬಗ್ಗೆ ಮಾತನಾಡಿದ್ದಾರೆ. ನೀರಿನ ಬಗ್ಗೆ ತೆರೆಎಣಿಕೆಯವರು ಅರ್ಧ ವಾಕ್ಯ ಬರೆದು ಬಿಟ್ಟಿದ್ದಾರೆ. ನನ್ನ ವೃತ್ತಿ ಅಂತರ್ಜಲಕ್ಕೆ ಸಂಬಂಧಿಸಿದ್ದು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯಲು ಅನುಮತಿ ಕೋರುತ್ತೇನೆ.

ಹವಳದ್ವೀಪದಲ್ಲಿ ಹೊಳೆ, ಕೆರೆ ಇರುವುದಿಲ್ಲ. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಅಡ್ಡಕೊಯ್ದು ನೋಡಿದರೆ ಅದು ಮಸೂರದ ಆಕಾರದಲ್ಲಿರುತ್ತದೆ, ನಡುವೆ ದಪ್ಪ, ಅಂಚಿನಲ್ಲಿ ತೆಳು. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತರೆ ಅದರ ಕೆಳಗೆ ನಲವತ್ತು ಮೀಟರ್ ಸಿಹಿನೀರು ಇರಬೇಕು ಎಂದು ಪಠ್ಯಪುಸ್ತಕದ ಸೂತ್ರ ಹೇಳುತ್ತದೆ. ಅಟಾಲ್‌ಗಳಲ್ಲಿ, ಅಂದರೆ ಲಗೂನ್ ಎಂಬ ಒಳಗಡಲನ್ನು ಉಂಗುರದಂತೆ ಸುತ್ತುವರಿದ ಹವಳದ್ವೀಪಗಳಲ್ಲಿ, ಇದು ನಡೆಯುವುದಿಲ್ಲ. ಮೊದಲನೆಯದಾಗಿ, ನೀರು ಅಷ್ಟು ಎತ್ತರಕ್ಕೆ ನಿಲ್ಲುವುದೇ ಇಲ್ಲ, ಕೆಲವು ಹತ್ತು ಸೆಂಟಿಮೀಟರ್ ನಿಂತರೆ ಹೆಚ್ಚು. ಎರಡನೆಯದಾಗಿ, ಹದಿನೈದು ಇಪ್ಪತ್ತು ಮೀಟರ್ ಕೆಳಗೆ ಹಳೆಯ, ತೂತುತೂತಾದ ಸುಣ್ಣಗಲ್ಲಿನ ಪದರ ಸಿಗುತ್ತದೆ. ಅಲ್ಲಿ ಉಬ್ಬರವಿಳಿತದ ನೀರು ಸರಾಗವಾಗಿ ನುಗ್ಗಿ ಸಿಹಿಯನ್ನು ಕಲಕಿಬಿಡುತ್ತದೆ. ಮರಳು ನುಣುಪಾಗಿರುವ ಲಗೂನಿನ ಕಡೆ ಮಸೂರ ದಪ್ಪವಾಗಿರುತ್ತದೆ, ಕಲ್ಲುಕಲ್ಲಾದ ಸಾಗರದ ಕಡೆ ತೆಳ್ಳಗೆ. ಮಳೆ ಕೈಕೊಟ್ಟರೆ ಇಡೀ ಮಸೂರವೇ ಸೊರಗುತ್ತದೆ. 2011ರಲ್ಲಿ ಮಳೆ ತಪ್ಪಿದಾಗ ತುವಾಲು ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು.

ಸಮುದ್ರ ನಿಧಾನವಾಗಿ ಏರಿದರೆ ಮಸೂರವೂ ಅದರ ಜೊತೆಗೆ ಸ್ವಲ್ಪ ಮೇಲೇಳುತ್ತದೆ. ದ್ವೀಪ ಕಿರಿದಾಗದೆ, ತಗ್ಗುಗಳಲ್ಲಿ ನೀರು ಹೊರಬರದೆ ಇರುವವರೆಗೆ ಅಷ್ಟೇನೂ ತೊಂದರೆಯಿಲ್ಲ. ನಿಜವಾದ ಪೆಟ್ಟು ಬೀಳುವುದು ಅಲೆ ದಡ ದಾಟಿ ಒಳಗೆ ನುಗ್ಗಿದಾಗ. ಮೇಲಿನಿಂದ ಬಿದ್ದ ಉಪ್ಪುನೀರು ಸಿಹಿನೀರನ್ನು ಸೀಳಿಕೊಂಡು ಇಳಿಯುತ್ತದೆ. 2005ರಲ್ಲಿ ಪರ್ಸಿ ಚಂಡಮಾರುತದ ಅಲೆಗಳು ಕುಕ್ ದ್ವೀಪಗಳ ಪುಕಾಪುಕಾದ ಮೇಲೆ ಹರಿದ ನಂತರ, ಅಲ್ಲಿನ ಮಸೂರದ ನೀರು ಮತ್ತೆ ಕುಡಿಯಲು ಯೋಗ್ಯವಾಗಲು ಹನ್ನೊಂದು ತಿಂಗಳು ಬೇಕಾಯಿತು. ಎರಡು ವರ್ಷಕ್ಕೊಮ್ಮೆ ಹೀಗಾದರೆ ನಡುವಿನ ಮಳೆಯಿಂದ ಹೇಗೋ ಚೇತರಿಸಿಕೊಳ್ಳಬಹುದು. ಪ್ರತಿ ವರ್ಷವೂ ಆದರೆ ಬಾವಿ ಎಂಬುದು ಇರುವುದೇ ಇಲ್ಲ. ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ನಲ್ಲಿರುವ ರೊಯಿ-ನಮುರ್ ದ್ವೀಪವನ್ನು ಅಭ್ಯಸಿಸಿದವರು 2018ರಲ್ಲಿ, ಹೆಚ್ಚಿನ ಅಟಾಲ್‌ಗಳು ಈ ಶತಮಾನದ ಮಧ್ಯದ ಹೊತ್ತಿಗೇ ವಾಸಯೋಗ್ಯತೆ ಕಳೆದುಕೊಳ್ಳುತ್ತವೆ ಎಂದದ್ದು ಈ ಕಾರಣಕ್ಕೆ. ನೆಲ ಮುಳುಗುವುದಕ್ಕೆ ಎಷ್ಟೋ ಮೊದಲು ನೀರು ಕೆಡುತ್ತದೆ.

ಮರಳಗೆರೆ
ಅಂತರ್ಜಲದವರೇ, ತುಂಬ ಉಪಕಾರವಾಯಿತು. ಕೆಸುವಿನ ಗುಂಡಿ ಎಂದು ಮೇಲೆ ಬಂದದ್ದು ಇದಕ್ಕೇ ಸಂಬಂಧಿಸಿದ್ದೇ?

ಅಂತರ್ಜಲ
ಹೌದು. ತುವಾಲುವಿನಲ್ಲಿ ಪುಲಾಕ, ಕಿರಿಬಾಸ್‌ನಲ್ಲಿ ಬಬಾಯ್ ಎಂದು ಕರೆಯುವ ದೊಡ್ಡ ಜವುಗು ಕೆಸುವನ್ನು, ಮರಳನ್ನು ಅಗೆದು ಮಸೂರದ ನೀರು ಕಾಣುವವರೆಗೆ ಇಳಿದು, ಎಲೆಗೊಬ್ಬರ ತುಂಬಿ ಬೆಳೆಸುತ್ತಾರೆ. ತಲೆಮಾರುಗಳಿಂದ ಅಗೆದು ಉಳಿಸಿಕೊಂಡ ಗುಂಡಿಗಳು ಅವು. ದ್ವೀಪದಲ್ಲಿ ಅತ್ಯಂತ ತಗ್ಗಾದ ಜಾಗ ಅದೇ ಆದ್ದರಿಂದ ನುಗ್ಗಿದ ಉಪ್ಪುನೀರು ಮೊದಲು ಹೋಗಿ ನಿಲ್ಲುವುದೂ ಅಲ್ಲಿಯೇ. 2008ರ ಡಿಸೆಂಬರ್‌ನಲ್ಲಿ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ಮೈಕ್ರೊನೇಷ್ಯಾದ ಹೊರ ದ್ವೀಪಗಳ ಕೆಸುವಿನ ಗುಂಡಿಗಳನ್ನು ಹಾಳುಗೆಡವಿದ್ದವು. ಅಲ್ಲಿ ಆಕಾಶದಲ್ಲಿ ಮೋಡವೂ ಇರಲಿಲ್ಲ ಎನ್ನಬಹುದಾದ ದಿನಗಳಲ್ಲಿ ಸಮುದ್ರ ಒಳಗೆ ಬಂದಿತ್ತು.

ತೆರೆಎಣಿಕೆ
ರೊಯಿ-ನಮುರ್ ಅಧ್ಯಯನದ ಬಗ್ಗೆ ನನ್ನ ಆಕ್ಷೇಪವಿದೆ. ಆ ಗಣಿತದಲ್ಲಿ ದ್ವೀಪವನ್ನು ಕಲ್ಲಿನ ಹಲಗೆಯಂತೆ ಅಲುಗದ ವಸ್ತುವೆಂದು ಇಟ್ಟುಕೊಂಡರು. ಸಮುದ್ರ ಏರಿತು, ದ್ವೀಪ ಇದ್ದ ಹಾಗೇ ಇತ್ತು, ಅಲೆ ದಾಟಿತು ಎಂದು. ನಿಜವಾದ ದ್ವೀಪ ಹಾಗಿರುವುದಿಲ್ಲ. 2020ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಅಲೆತೊಟ್ಟಿಯಲ್ಲಿ ಫುನಾಫುಟಿಯ ಫಟಾಟೊ ದ್ವೀಪದ ಸಣ್ಣ ಪ್ರತಿರೂಪ ಮಾಡಿ, ನೀರಿನ ಮಟ್ಟ ಏರಿಸುತ್ತಾ ಅಲೆ ಹಾಯಿಸಿದರು. ದಡ ದಾಟಿದ ಅಲೆ ತನ್ನೊಂದಿಗೆ ಮರಳು ಮತ್ತು ಕಲ್ಲುಚೂರನ್ನು ಹೊತ್ತು ನೆತ್ತಿಯ ಮೇಲೆ ಹಾಕಿತು. ದ್ವೀಪ ಒಳಕ್ಕೆ ಸರಿಯುತ್ತಾ ಎತ್ತರವಾಯಿತು.

ಅಂದರೆ, ಅಂತರ್ಜಲದವರು ಯಾವುದನ್ನು ಪೆಟ್ಟು ಎನ್ನುತ್ತಾರೋ ಅದೇ ದ್ವೀಪದ ಬೆಳವಣಿಗೆ.

ಅಂತರ್ಜಲ
ಆಕ್ಷೇಪ ನ್ಯಾಯವಾದದ್ದೇ. ಆದರೆ ತೊಟ್ಟಿಯಲ್ಲಿನ ದ್ವೀಪದ ಮೇಲೆ ಮನೆ, ಶಾಲೆ, ಸಮಾಧಿ, ಬಾವಿ ಯಾವುದೂ ಇರಲಿಲ್ಲ. ದ್ವೀಪ ಎತ್ತರವಾಗಬೇಕಾದರೆ ಅಲೆ ಒಳಗೆ ಬರಬೇಕು. ಅಲೆ ಒಳಗೆ ಬಂದರೆ ನೀರು ಕೆಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಮರಳಗೆರೆ
ಈಗ ನನ್ನ ಮೊದಲ ಪ್ರಶ್ನೆಯ ಗಂಟು ಸಡಿಲವಾಗುತ್ತಿದೆ. ಹಾಗಾದರೆ ತಡೆಗೋಡೆ ಕಟ್ಟಿದರೆ ಮನೆ, ನೀರು ಉಳಿಯುತ್ತವೆ. ಆದರೆ ದ್ವೀಪ ಬೆಳೆಯುವುದು ನಿಲ್ಲುತ್ತದೆ ಎಂದಾಯಿತೇ?

ತೆರೆಎಣಿಕೆ
ಬಹುಮಟ್ಟಿಗೆ ಹೌದು. ಒಮ್ಮೆ ಗೋಡೆ ಕಟ್ಟಿದರೆ ಮುಂದೆ ಪ್ರತಿ ತಲೆಮಾರೂ ಅದನ್ನು ಎತ್ತರಿಸುತ್ತಲೇ ಇರಬೇಕು, ಏಕೆಂದರೆ ಅದರ ಹಿಂದಿನ ನೆಲ ಇದ್ದಲ್ಲೇ ಉಳಿದಿರುತ್ತದೆ. ಅದರ ಮೇಲೆ, ಅರೆಬರೆ ಕಟ್ಟಿದ ಗೋಡೆ ಇನ್ನೂ ಕೆಟ್ಟದ್ದು. ಅಲೆ ಅದಕ್ಕೆ ಬಡಿದು ಹಿಂದಿರುಗುವಾಗ ಬುಡದ ಮರಳನ್ನು ಕೊಂಡೊಯ್ಯುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ನೆರೆಯವರ ದಡವನ್ನು ಕೊರೆಯುತ್ತದೆ. ಆಗ ನೆರೆಯವರೂ ಗೋಡೆ ಕಟ್ಟುತ್ತಾರೆ. ಕಿರಿಬಾಸ್‌ನ ರಾಜಧಾನಿ ದಕ್ಷಿಣ ತರಾವಾದಲ್ಲಿ ಚೀಲಗಳ, ಹವಳಗಲ್ಲಿನ ಗೋಡೆಗಳು ಹೀಗೆಯೇ ಒಂದರ ಪಕ್ಕ ಒಂದು ಹುಟ್ಟಿಕೊಂಡಿವೆ.

ಮೇಷ್ಟ್ರು
ತಡೆಗೋಡೆಯನ್ನು ಇಷ್ಟು ಹಗುರವಾಗಿ ತಳ್ಳಿಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಾನು ಕೆಲವು ವರ್ಷ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಪಾಠ ಹೇಳಿದವನು. 1987ರ ಭಾರಿ ಅಲೆಗಳು ಊರೊಳಗೆ ನುಗ್ಗಿದ ಮೇಲೆ ಜಪಾನಿನ ನೆರವಿನಿಂದ ಅದರ ಸುತ್ತ ಕಾಂಕ್ರೀಟಿನ ನಾಲ್ಕುಕಾಲಿ ಕಲ್ಲುಗಳ ಗೋಡೆ ಎದ್ದಿತು. ಆ ಗೋಡೆ ಇಲ್ಲದಿದ್ದರೆ 2004ರ ಸುನಾಮಿಯಲ್ಲಿ ಆ ಊರು ಏನಾಗುತ್ತಿತ್ತು ಎಂದು ಅಲ್ಲಿನ ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ. ಅಷ್ಟು ಕಿಕ್ಕಿರಿದ ಊರಿಗೆ, ಅಲೆ ಬರಲಿ ಬಿಡಿ, ದ್ವೀಪ ಎತ್ತರವಾಗುತ್ತದೆ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಆದರೆ ನೀರಿನ ಮಾತು ನಿಜ. ಮಾಲೆಯ ನೆಲದಡಿಯ ಸಿಹಿನೀರನ್ನು ಜನ ಎಂದೋ ಬಳಸಿ ಮುಗಿಸಿದ್ದಾರೆ. ಕುಡಿಯುವುದು ಸಮುದ್ರದ ನೀರನ್ನು ಸಿಹಿ ಮಾಡಿದ್ದನ್ನು. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಸುಮಾರು ಒಂದು ಲಕ್ಷ ಜನರ ನಲ್ಲಿ ಒಮ್ಮೆಗೇ ಒಣಗಿತು. ಭಾರತದಿಂದ ವಿಮಾನದಲ್ಲಿ, ಹಡಗಿನಲ್ಲಿ ನೀರು ಬಂತು. ಬಕೆಟ್ ಹಿಡಿದು ಸಾಲಿನಲ್ಲಿ ನಿಂತಾಗ, ನಾಲ್ಕೂ ಕಡೆ ಕಣ್ಣಿಗೆ ಕಾಣುವಷ್ಟು ದೂರವೂ ನೀರೇ ಇತ್ತು. ಗೋಡೆ ಕಟ್ಟಿದವರು ಬಾವಿಯನ್ನು ಮರೆತಿದ್ದರು.

ಲೆಕ್ಕಪತ್ರ
ಮೇಷ್ಟ್ರೇ, ರಾಜಧಾನಿಯ ಲೆಕ್ಕವೇ ಬೇರೆ. ಜನ ಒತ್ತಾಗಿರುವ ಕಡೆ ಎತ್ತರಿಸಿದ ನೆಲ, ಉಳಿದ ದ್ವೀಪಗಳಲ್ಲಿ ದಿಬ್ಬದ ಕೆಲಸಕ್ಕೆ ಅಡ್ಡಿ ಮಾಡದಿರುವುದು ಎಂದು ವಿಂಗಡಿಸದೆ ಈ ಚರ್ಚೆ ಮುಂದೆ ಸಾಗುವುದಿಲ್ಲ. ತುವಾಲುವಿನ ಕರಾವಳಿ ಯೋಜನೆಗೆ ಹಸಿರು ಹವಾಮಾನ ನಿಧಿ 3.6 ಕೋಟಿ ಅಮೆರಿಕನ್ ಡಾಲರ್ ಕೊಟ್ಟಿತು. ಅದರಲ್ಲಿ ಫುನಾಫುಟಿಯ ಲಗೂನಿನಿಂದ ಮರಳೆತ್ತಿ 7.3 ಹೆಕ್ಟೇರ್ ಹೊಸ ನೆಲ ಮಾಡಿದ್ದಾರೆ, 2100ರ ನಂತರವೂ ಉಬ್ಬರಕ್ಕಿಂತ ಮೇಲಿರುವ ಲೆಕ್ಕದಲ್ಲಿ. ಇಡೀ ದೇಶವೇ 26 ಚದರ ಕಿಲೋಮೀಟರ್ ಇರುವಾಗ ಇದು ಸಣ್ಣದಲ್ಲ.

ಪ್ರಶ್ನಾರ್ಥಕ
ಲಗೂನಿನ ಮರಳು ತೆಗೆದು ದಡಕ್ಕೆ ಹಾಕುವುದೂ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಳ್ಳುವುದೂ ಒಂದೇ ಅಲ್ಲವೇ? ನಿಮ್ಮ ಗಿಳಿಮೀನಿನ ದುಡಿಮೆಯನ್ನೇ ದೋಚಿದ ಹಾಗಾಯಿತು.

ಗಿಳಿಮೀನು
ಇದೊಂದು ಮಾತ್ರ ಒಳ್ಳೆಯ ಪ್ರಶ್ನೆ. ಲಗೂನಿನ ಆಳಕ್ಕೆ ಹೋಗಿ ಬಿದ್ದ ಮರಳು ಸಾಮಾನ್ಯವಾಗಿ ತಾನಾಗಿ ಮೇಲೆ ಬರುವುದಿಲ್ಲ, ಆದ್ದರಿಂದ ಅದನ್ನು ಎತ್ತುವುದು ಬೀಚಿನಿಂದ ಬಾಚುವುದಕ್ಕಿಂತ ಮೇಲು. ಎತ್ತುವಾಗ ಏಳುವ ಕೆಸರು ಹತ್ತಿರದ ಹವಳವನ್ನು ಮುಚ್ಚದಂತೆ ನೋಡಿಕೊಳ್ಳಬೇಕು, ಅಷ್ಟೇ ಮುಖ್ಯ.

ಹಳೆನಕ್ಷೆ
ಫುನಾಫುಟಿಯಲ್ಲಿ ಜೇಬಿನ ಕಥೆ ಮೊದಲೂ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಮಾನದ ಓಡುದಾರಿ ಮಾಡಲು ದ್ವೀಪದ ಮೈಯನ್ನೇ ಅಗೆದು ಕಲ್ಲುಮರಳು ತೆಗೆಯಿತು. ಆ ಹಳ್ಳಗಳಲ್ಲಿ ಏಳು ದಶಕ ಸವುಳು ನೀರು, ಕಸ ತುಂಬಿದ್ದವು. ಅವುಗಳ ಅಂಚಿನಲ್ಲಿ ಜನ ಮನೆ ಕಟ್ಟಿಕೊಂಡಿದ್ದರು. 2015ರಲ್ಲಿ ನ್ಯೂಜಿಲೆಂಡಿನ ನೆರವಿನಿಂದ ಲಗೂನಿನ ಮರಳು ತುಂಬಿ ಮುಚ್ಚಲಾಯಿತು. ಉಬ್ಬರದ ದಿನ ಆ ಹಳ್ಳಗಳಲ್ಲಿ ನೀರು ಏಳುವುದನ್ನು ತೋರಿಸಿ ದ್ವೀಪ ಮುಳುಗುತ್ತಿದೆ ಎಂದು ಬರೆದವರೂ ಇದ್ದರು. ಎಲ್ಲ ತಗ್ಗೂ ಹವಾಮಾನದ ತಪ್ಪಲ್ಲ.

ಗುಬ್ಬಿನೋಟ
ಮನುಷ್ಯರ ಮಾತು ಸಾಕಷ್ಟಾಯಿತು. ದ್ವೀಪದ ಹಕ್ಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮರಳಿನ ಲೆಕ್ಕವೂ ಪೂರ್ತಿಯಾಗುವುದಿಲ್ಲ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹದಲ್ಲಿ ಹಡಗುಗಳಿಂದ ಇಳಿದ ಇಲಿಗಳಿರುವ ದ್ವೀಪಗಳನ್ನೂ ಇಲಿ ಇಲ್ಲದ ದ್ವೀಪಗಳನ್ನೂ ಹೋಲಿಸಿದ ಅಧ್ಯಯನ 2018ರಲ್ಲಿ ಬಂತು. ಇಲಿ ಮೊಟ್ಟೆ ತಿನ್ನುತ್ತದೆ, ಕಡಲಹಕ್ಕಿ ಇಲ್ಲವಾಗುತ್ತದೆ. ಇಲಿ ಇಲ್ಲದ ಕಡೆ ಹಕ್ಕಿಯ ಹಿಕ್ಕೆ ಮಳೆಯಲ್ಲಿ ಕರಗಿ ದಿಬ್ಬ ಸೇರುತ್ತದೆ. ಅಲ್ಲಿನ ಮೀನಿನ ಒಟ್ಟು ತೂಕ ಶೇ 48ರಷ್ಟು ಹೆಚ್ಚಿತ್ತು. ಮೀನುಗಳು ಹವಳವನ್ನು ಕೆರೆಯುವ ಪ್ರಮಾಣವೂ ಮೂರು ಪಟ್ಟಿಗಿಂತ ಹೆಚ್ಚು. ಅಂದರೆ ಇಲಿ ಓಡಿಸುವುದೂ ಹವಾಮಾನ ಹೊಂದಾಣಿಕೆಯೇ, ತಡೆಗೋಡೆಗಿಂತ ಅಗ್ಗವಾದದ್ದು.

ಪ್ರಶ್ನಾರ್ಥಕ
ಇಲಿ ಕೊಂದರೆ ದ್ವೀಪ ಬೆಳೆಯುತ್ತದೆ ಎಂಬ ಮಾತನ್ನು ನಾನು ಈ ವೇದಿಕೆಯಲ್ಲಿ ಓದುತ್ತೇನೆ ಎಂದುಕೊಂಡಿರಲಿಲ್ಲ.

ಗುಬ್ಬಿನೋಟ
ನಗಬಹುದು, ನಾನೂ ಮೊದಲು ನಕ್ಕಿದ್ದೆ. ನಗು ಬಾರದ ಇನ್ನೊಂದು ಸಂಗತಿ ಹೇಳುತ್ತೇನೆ. ಹವಾಯಿಯ ಎತ್ತರದ ದ್ವೀಪಗಳಲ್ಲಿ ಸಮುದ್ರಮಟ್ಟದ ಸಮಸ್ಯೆಗಿಂತ ಸೊಳ್ಳೆಯ ಸಮಸ್ಯೆ ದೊಡ್ಡದು. 1826ರಲ್ಲಿ ಹಡಗಿನ ನೀರಿನ ಜೊತೆ ಬಂದ ಸೊಳ್ಳೆ, ಆಮೇಲೆ ಬಂದ ಹಕ್ಕಿಮಲೇರಿಯಾ, ಇವೆರಡೂ ಸೇರಿ ತಗ್ಗುಕಾಡುಗಳ ಜೇನುಹೀರುವ ಹಕ್ಕಿಗಳನ್ನು ಬಹುತೇಕ ಮುಗಿಸಿದವು. ಉಳಿದವು ಬದುಕಿದ್ದು ತಂಪಾದ ಬೆಟ್ಟದ ಮೇಲೆ, ಸೊಳ್ಳೆಯೂ ರೋಗಾಣುವೂ ಬೆಳೆಯದ ಕಡೆ. ಈಗ ಆ ತಂಪಿನ ಗೆರೆ ಮೇಲಕ್ಕೆ ಸರಿಯುತ್ತಿದೆ. ಕವಾಯಿ ದ್ವೀಪದ ಅತ್ಯಂತ ಎತ್ತರದ ಶಿಖರವೇ 1,600 ಮೀಟರ್ ಮುಟ್ಟುವುದಿಲ್ಲ. ಅಲ್ಲಿನ ಹಕ್ಕಿಗೆ ಇನ್ನು ಏರಲು ಬೆಟ್ಟವಿಲ್ಲ. 2023ರಲ್ಲಿ ಅಮೆರಿಕದ ಸರ್ಕಾರ ಅಳಿದುಹೋದವೆಂದು ಪಟ್ಟಿಯಿಂದ ತೆಗೆದ 21 ಜೀವಿಗಳಲ್ಲಿ ಎಂಟು ಹವಾಯಿಯ ಕಾಡುಹಕ್ಕಿಗಳು.

ಅದೇ ವರ್ಷದ ಕೊನೆಯಿಂದ ಮಾವಿ ದ್ವೀಪದಲ್ಲಿ, ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೆ ತಳಿ ಇರುವ ಗಂಡು ಸೊಳ್ಳೆಗಳನ್ನು ಹೆಲಿಕಾಪ್ಟರ್‌ನಿಂದ ಕಾಡಿಗೆ ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ, ಅದರೊಡನೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಸೊಳ್ಳೆ ಕಡಿಮೆ ಮಾಡಲು ಸೊಳ್ಳೆಯನ್ನೇ ಸುರಿಯುವ ಈ ಉಪಾಯ ಫಲಿಸಲಿ ಎಂಬುದು ನನ್ನ ಹಾರೈಕೆ.

ಲೆಕ್ಕಪತ್ರ
ಅಲ್ಲಿನ ಅರಣ್ಯಾಧಿಕಾರಿಗಳು ಬಳಸುವ ಒಂದು ವಿಂಗಡಣೆ ನನಗೆ ಉಪಯುಕ್ತವೆನಿಸಿದೆ: ಬದಲಾವಣೆಯನ್ನು ತಡೆಯುವುದು, ಒಪ್ಪಿಕೊಳ್ಳುವುದು, ಅಥವಾ ಅದನ್ನು ನಮಗೆ ಬೇಕಾದ ಕಡೆ ತಿರುಗಿಸುವುದು. ಸೊಳ್ಳೆಯ ವಿಷಯದಲ್ಲಿ ತಡೆ. ಮಿಡ್‌ವೇ ಮುಂತಾದ ತಗ್ಗು ದ್ವೀಪಗಳ ಕಡಲಹಕ್ಕಿ ಮರಿಗಳನ್ನು ಎತ್ತಿ ಹವಾಯಿಯ ಎತ್ತರದ ದ್ವೀಪ ಒವಾಹುವಿನಲ್ಲಿ ಸಾಕಿ ಅಲ್ಲಿಯೇ ಗೂಡುಕಟ್ಟುವಂತೆ ಮಾಡುವುದು ತಿರುಗಿಸುವಿಕೆ. 2018ರಲ್ಲಿ ವಲಾಕಾ ಚಂಡಮಾರುತ ವಾಯವ್ಯ ಹವಾಯಿಯ ಈಸ್ಟ್ ಐಲೆಂಡನ್ನು ಬಹುಪಾಲು ಅಳಿಸಿಹಾಕಿತು. ಹಸಿರು ಕಡಲಾಮೆಗಳ ದೊಡ್ಡ ಮೊಟ್ಟೆದಾಣ ಅದಾಗಿತ್ತು. ಆಮೆಗಳು ಪಕ್ಕದ ಮರಳುದಿಬ್ಬಗಳಿಗೆ ಹೋಗುವುದನ್ನು ನೋಡುತ್ತಾ ಕುಳಿತದ್ದು ಒಪ್ಪಿಗೆ.

ಮೇಷ್ಟ್ರು
ಹಕ್ಕಿಯನ್ನು ಎತ್ತಿ ಬೇರೆಡೆ ಇಡಬಹುದು. ಮನುಷ್ಯರನ್ನು?

ಹಳೆನಕ್ಷೆ
ಮೇಷ್ಟ್ರೇ, ಅದೂ ನಡೆದಿದೆ, ಫಲ ಬೇರೆ ಬೇರೆಯಾಗಿದೆ. 1938ರಿಂದ ಬ್ರಿಟಿಷರು ಗಿಲ್ಬರ್ಟ್ ದ್ವೀಪಗಳ ಜನರನ್ನು ಖಾಲಿ ಇದ್ದ ಫೀನಿಕ್ಸ್ ದ್ವೀಪಗಳಿಗೆ ಕಳುಹಿಸಿ ಊರು ಕಟ್ಟಿಸಿದರು. ಬರ ಬಂದು ಬಾವಿಗಳು ಕೆಟ್ಟವು. 1963ರ ಹೊತ್ತಿಗೆ ಆ ಊರುಗಳನ್ನೇ ಬಿಟ್ಟು ಜನರನ್ನು ಸಾಲೊಮನ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಆ ಜನರ ಮೊಮ್ಮಕ್ಕಳಿಗೆ ಅಲ್ಲಿ ಭೂಮಿಯ ಹಕ್ಕಿನ ತಕರಾರು ಇಂದಿಗೂ ಪೂರ್ತಿ ತೀರಿಲ್ಲ. ಇನ್ನೊಂದೆಡೆ, ಫಿಜಿಯ ವುನಿದೊಗೊಲೊವಾ ಎಂಬ ಹಳ್ಳಿ 2014ರಲ್ಲಿ ದಡದಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ ಎತ್ತರದ ಜಾಗಕ್ಕೆ ಸರಿಯಿತು. ಹೊಸ ಜಾಗವೂ ಅವರದೇ ಕುಲದ ನೆಲವಾಗಿದ್ದರಿಂದ ಜಗಳ ಹುಟ್ಟಲಿಲ್ಲ. ಅಟಾಲ್‌ನಲ್ಲಿರುವವರಿಗೆ ಹಿಂದೆ ಸರಿಯಲು ಎತ್ತರವೇ ಇಲ್ಲ. ಕಿರಿಬಾಸ್ 2014ರಲ್ಲಿ ಫಿಜಿಯಲ್ಲಿ ಭೂಮಿ ಕೊಂಡದ್ದು, ತುವಾಲು ಆಸ್ಟ್ರೇಲಿಯಾದೊಂದಿಗೆ ವರ್ಷಕ್ಕೆ 280 ಜನ ಹೋಗಿ ನೆಲೆಸಬಹುದಾದ ಒಪ್ಪಂದ ಮಾಡಿಕೊಂಡದ್ದು ಇದೇ ಕಾರಣಕ್ಕೆ.

ಕೇದಗೆ
ಬಹಳ ದಿನಗಳಿಂದ ಓದುಗಳಾಗಿ ಮಾತ್ರ ಇದ್ದೆ. ಒಂದು ಮಾತು ಹೇಳದಿರಲಾಗಲಿಲ್ಲ. ಇಡೀ ಚರ್ಚೆಯಲ್ಲಿ ವಿಜ್ಞಾನಿ ಅಳೆದ, ಸರ್ಕಾರ ಕಟ್ಟಿತು, ನಿಧಿ ಕೊಟ್ಟಿತು ಎಂದೇ ಬಂದಿದೆ. ಅಲ್ಲಿಯ ಹೆಂಗಸರು ಯಾವ ಬಾವಿ ಮೊದಲು ಸವುಳಾಗುತ್ತದೆ ಎಂದು ಅಧ್ಯಯನಕ್ಕೆ ಮೊದಲೇ ಬಲ್ಲರು. ದೀವಿಹಲಸನ್ನು ಹುಳಿಹಿಡಿಸಿ ಗುಂಡಿಯಲ್ಲಿ ಹೂತು ವರ್ಷಗಟ್ಟಲೆ ಇಡುವುದು, ಕೇದಗೆ ಹಣ್ಣನ್ನು ಒಣಗಿಸಿ ಬಚ್ಚಿಡುವುದು, ಕೆಲವು ಕಾಲ ದಿಬ್ಬದಲ್ಲಿ ಮೀನು ಹಿಡಿಯಬಾರದೆಂದು ಮುಖಂಡರು ನಿಷೇಧ ಹಾಕುವುದು, ಇವೆಲ್ಲ ಚಂಡಮಾರುತದ ಮರುದಿನಕ್ಕಾಗಿ ಮಾಡಿಕೊಂಡ ಏರ್ಪಾಡುಗಳೇ. ಪಲಾವ್ ಎಂಬ ಪೆಸಿಫಿಕ್ ದ್ವೀಪದೇಶದಲ್ಲಿ ಆ ನಿಷೇಧಕ್ಕೆ ಬುಲ್ ಎಂದು ಹೆಸರು; ಅದೇ ಪದವನ್ನು ಮುಂದಿಟ್ಟುಕೊಂಡು ಅವರು ತಮ್ಮ ಕಡಲಿನ ಶೇ 80 ಭಾಗವನ್ನು ಕಾಯ್ದಿರಿಸುವ ಕಾನೂನು ಮಾಡಿದರು, 2020ರ ಜನವರಿಯಿಂದ ಅದು ಜಾರಿಗೆ ಬಂತು.

ಲೆಕ್ಕಪತ್ರ
ಕೇದಗೆಯವರ ಮಾತಿಗೆ ಗೌರವವಿದೆ, ಆದರೆ ಹಳೆಯ ತಿಳಿವಳಿಕೆಯನ್ನು ಹಾಗೇ ಎತ್ತಿ ಹಿಡಿಯುವುದೂ ಅಪಾಯ. ನಿಷೇಧದಿಂದ ಮೀನು ಹೆಚ್ಚಬಹುದು. ನೀರು ಕಾದು ಹವಳ ಬಿಳಿಚುವುದನ್ನು ಯಾವ ಮುಖಂಡರೂ ನಿಷೇಧಿಸಲಾರರು.

ಕೇದಗೆ
ನಿಷೇಧಿಸಬಲ್ಲರು ಎಂದು ನಾನು ಹೇಳಿಲ್ಲ. ಬಿಳಿಚಿದ ಮೇಲೆ ಪಾಚಿಯನ್ನು ಕೆರೆದು ಹೊಸ ಹವಳಕ್ಕೆ ಜಾಗ ಮಾಡುವುದು ಮೀನೇ ಅಲ್ಲವೇ? ಗಿಳಿಮೀನಿನವರನ್ನು ಕೇಳಿ ನೋಡಿ.

ಗಿಳಿಮೀನು
ಕೇದಗೆಯವರ ಪರವಾಗಿ ಸಾಕ್ಷಿ ಹೇಳುತ್ತೇನೆ. ಆದರೆ ಎರಡು ಬಿಸಿಯ ನಡುವೆ ಹತ್ತು ವರ್ಷವಾದರೂ ಅಂತರ ಸಿಗಬೇಕು. ಲಕ್ಷದ್ವೀಪದ ದಿಬ್ಬಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ ಬಿಳಿಚಿದವು. ಅಂತರ ಕಡಿಮೆಯಾಗುತ್ತಾ ಬಂದದ್ದನ್ನು ನೀವೇ ಎಣಿಸಿಕೊಳ್ಳಿ.

ಪ್ರಶ್ನಾರ್ಥಕ
ಸರಿ, ಹಣದ ನೆಪ ಎಂದ ನನ್ನ ಮೊದಲ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧ ಇಟ್ಟುಕೊಂಡಿರುತ್ತೇನೆ, ಏಕೆಂದರೆ ಮುಳುಗುತ್ತದೆ ಎಂದು ಹೇಳುವವರು ಈ ಬಾವಿಯ ಮಾತನ್ನು ಎಂದೂ ಹೇಳಿದ್ದನ್ನು ನಾನು ಕೇಳಿಲ್ಲ. ಅಂತರ್ಜಲದವರೇ, ಆ ಜನ ಮಸೂರ ಕೆಟ್ಟಿದೆಯೆಂದು ಹೇಗೆ ತಿಳಿಯುತ್ತಾರೆ? ನಾಲಿಗೆಯಿಂದಲೇ?

ಅಂತರ್ಜಲ
ನಾಲಿಗೆಯಿಂದಲೂ, ಉಪಕರಣದಿಂದಲೂ. ನೀರಿನ ವಿದ್ಯುತ್ ವಾಹಕತೆ ಅಳೆಯುವ ಕೈಯಳತೆಯ ಮೀಟರ್ ಇರುತ್ತದೆ. ಅಟಾಲ್‌ಗಳಲ್ಲಿ ಸೆಂಟಿಮೀಟರಿಗೆ 2,500 ಮೈಕ್ರೊಸೀಮೆನ್ಸ್ ದಾಟದಿದ್ದರೆ ಸಿಹಿನೀರು ಎಂದು ಲೆಕ್ಕ. ಬಾವಿಯ ಮೇಲ್ಭಾಗದ ನೀರನ್ನು ಮಾತ್ರ ಅಳೆದರೆ ಮೋಸಹೋಗುತ್ತೀರಿ, ಮಳೆ ಬಿದ್ದ ವಾರ ಅದು ಚೆನ್ನಾಗಿಯೇ ಇರುತ್ತದೆ. ಬೇರೆ ಬೇರೆ ಆಳಕ್ಕೆ ಕೊಳವೆ ಇಳಿಸಿ ಅಳೆಯಬೇಕು. ತರಾವಾದ ಬೊನ್ರಿಕಿಯಲ್ಲಿ ಹಾಗೆ ಮಾಡುತ್ತಾರೆ. ಅಲ್ಲಿ ನೀರನ್ನು ಆಳದಿಂದ ಎಳೆಯುವುದಿಲ್ಲ, ಅಡ್ಡ ಹಾಸಿದ ತೂತುಕೊಳವೆಗಳಿಂದ ಹಾಲಿನ ಕೆನೆಯಂತೆ ಮೇಲಿಂದ ತೆಗೆಯುತ್ತಾರೆ.

ಮರಳಗೆರೆ
ಆ ಬೊನ್ರಿಕಿಯ ನೆಲ ಯಾರದು?

ಅಂತರ್ಜಲ
ಕುಟುಂಬಗಳದು. ರಾಜಧಾನಿಗೆ ನೀರು ಬೇಕೆಂದು ಅದನ್ನು ಸರ್ಕಾರ ಮೀಸಲು ಮಾಡಿ, ಅಲ್ಲಿ ಮನೆ ಕಟ್ಟಬಾರದು, ಬೆಳೆ ಬೆಳೆಯಬಾರದು ಎಂದಿತು. ಅದರ ತಕರಾರು ಇನ್ನೊಂದು ಎಳೆಯಷ್ಟು ಉದ್ದವಿದೆ. ನಾಳೆ ಬೇರೆಯಾಗಿಯೇ ಬರೆಯುತ್ತೇನೆ.